ಚನ್ನಪಟ್ಟಣದ ಗೊಂಬೆಗೆ ಕಿಟಕಿ ಬೆಳಕೇ ಸಾಕು
ಮನೆಯಲ್ಲೇ ಚನ್ನಪಟ್ಟಣದ ಗೊಂಬೆಗಳ ಫೋಟೋ ತೆಗೆದರೆ ಮೈಮೇಲೆ ಟ್ಯೂಬ್‌ಲೈಟಿನ ಬಿಳಿ ಗೆರೆ ಬೀಳುತ್ತದೆ, ಯಾವ ಲೈಟ್ ಕೊಳ್ಳಲಿ ಅಂತ ಕೇಳಿದ್ದೀರಿ. ಸದ್ಯಕ್ಕೆ ಯಾವುದೂ ಬೇಡ, ಸುಮ್ನೆ ದುಡ್ಡು ಹಾಕಬೇಡಿ. ಅರಗಿನ ಮೆರುಗು ಕನ್ನಡಿ ಇದ್ದ ಹಾಗೆ, ಎದುರಿಗಿರುವ ದೀಪವನ್ನೇ ತೋರಿಸುತ್ತದೆ. ಸಣ್ಣ ದೀಪಕ್ಕೆ ಚೂಪಾದ ಗೆರೆ, ಅಗಲವಾದ ಬೆಳಕಿಗೆ ಮೆತ್ತನೆ ಹೊಳಪು.

ಹಾಗಾಗಿ ಟ್ಯೂಬ್‌ಲೈಟ್ ಆಫ್ ಮಾಡಿ. ಕಿಟಕಿಗೆ ಬಿಳಿ ಪಂಚೆ ಕಟ್ಟಿ, ಪಕ್ಕದಲ್ಲೇ ಮೇಜು ಹಾಕಿ. ಡ್ರಾಯಿಂಗ್ ಶೀಟನ್ನು ಗೋಡೆಗೆ ಅಂಟಿಸಿ, ಮಡಿಕೆ ಬೀಳದಂತೆ ಬಾಗಿಸಿ ಮೇಜಿನ ಮೇಲೆ ಇಳಿಬಿಡಿ. ಇನ್ನೊಂದು ಬದಿಗೆ ಥರ್ಮೋಕೋಲ್ ನಿಲ್ಲಿಸಿದರೆ ನೆರಳು ತಿಳಿಯಾಗುತ್ತದೆ. ಫೋನ್ ತೀರಾ ಹತ್ತಿರ ಹಿಡಿದರೆ ಗೊಂಬೆಯ ಮುಖ ಊದಿದ ಹಾಗೆ ಕಾಣುತ್ತದೆ. ಎರಡಡಿ ಹಿಂದೆ ಸರಿದು 2 ಪಟ್ಟು ಜೂಮ್ ಮಾಡಿ.

ತೆಗೆಯುವ ಮೊದಲು ಹತ್ತಿ ಬಟ್ಟೆಯಲ್ಲಿ ಒರೆಸಿ. ಗೊಂಬೆಯ ಹೊಳೆಯುವ ಮೈಮೇಲೆ ಬೆರಳಿನ ಗುರುತು ಎದ್ದು ಕಾಣುತ್ತದೆ.