ದೀಪಾವಳಿ ಆದ ಮೇಲೆ ಹಾಜರಿ ಪುಸ್ತಕ

ಮಂಡ್ಯದಿಂದ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ತಾಂಡಾ (ಲಂಬಾಣಿಗರ ಹಟ್ಟಿ) ಶಾಲೆಗೆ ಪಾಠ ಮಾಡಲು ಬರುತ್ತಿದ್ದೀರಿ, ಸಂತೋಷ ಆಯಿತು. "ಅಲ್ಲಿ ಅರ್ಧ ಮಕ್ಕಳು ಶಾಲೆಗೇ ಬರಲ್ಲವಂತೆ, ನಿಜವಾ?" ಅಂತ ಕೇಳಿದ್ದೀರಿ. ಜೂನ್‌ನಲ್ಲಿ ನೋಡಿದರೆ ಸುಳ್ಳು ಅನ್ನಿಸುತ್ತದೆ, ಕೂರಲು ಜಾಗ ಸಾಲುವುದಿಲ್ಲ. ಡಿಸೆಂಬರ್‌ನಲ್ಲಿ ನೋಡಿದರೆ ನಿಜ ಅನ್ನಿಸುತ್ತದೆ. ನಡುವೆ ಏನಾಗುತ್ತದೆ ಅನ್ನುವುದನ್ನು ಮೊದಲು ತಿಳಿದುಕೊಳ್ಳಿ. ಹಾಜರಿ ನಿಯಮ ಆಮೇಲೆ.

ದುಡಿಮೆಗಾಗಿ ಮನೆಮಂದಿ ಊರು ಬಿಟ್ಟು ಹೋಗುವುದಕ್ಕೆ ನಮ್ಮ ಕಡೆ ಗುಳೆ ಅಂತಾರೆ. ದೀಪಾವಳಿ ಸುಮಾರಿಗೆ ಸಕ್ಕರೆ ಕಾರ್ಖಾನೆಗಳು ಶುರುವಾಗುತ್ತವೆ. ಕೊಲ್ಹಾಪುರ, ಸಾಂಗ್ಲಿ, ಸಾತಾರಾ ಕಡೆಗೆ, ಇತ್ತ ಬೆಳಗಾವಿ, ಬಾಗಲಕೋಟೆಯ ಕಬ್ಬಿನ ಸೀಮೆಗೂ ಕಬ್ಬು ಕಡಿಯುವ ಗ್ಯಾಂಗ್‌ಗಳು ಹೊರಡುತ್ತವೆ. ಗಂಡ ಹೆಂಡತಿ ಸೇರಿ ಒಂದು ಜೋಡಿ ಅಂತ ಲೆಕ್ಕ. ಮುಕಾದಮ, ಅಂದರೆ ಕೂಲಿಗಳನ್ನು ಕರೆದೊಯ್ಯುವ ಮೇಸ್ತ್ರಿ, ಮಳೆಗಾಲದಲ್ಲೇ ಮುಂಗಡ ಕೊಟ್ಟಿರುತ್ತಾನೆ. ಆ ದುಡ್ಡು ಯಾವುದೋ ಮದುವೆಗೆ, ಆಸ್ಪತ್ರೆಗೆ ಮುಗಿದೇ ಹೋಗಿರುತ್ತದೆ. ಇನ್ನು ಹೋಗುವುದಿಲ್ಲ ಅನ್ನುವ ಮಾತೇ ಇಲ್ಲ. ಮನೆಯಲ್ಲಿ ಅಜ್ಜಿ ಗಟ್ಟಿಯಾಗಿದ್ದರೆ ಮಗು ಉಳಿಯುತ್ತದೆ. ಇಲ್ಲದಿದ್ದರೆ ಅದೂ ಟ್ರ್ಯಾಕ್ಟರ್ ಹತ್ತುತ್ತದೆ. ವಾಪಸ್ ಬರುವುದು ಮಾರ್ಚ್ ಕೊನೆಗೋ ಏಪ್ರಿಲ್‌ಗೋ. ಅಷ್ಟರಲ್ಲಿ ನಮ್ಮ ಪರೀಕ್ಷೆ ಮುಗಿದಿರುತ್ತದೆ.

ಹೊರಡುವ ದಿನ ನೀವು ನೋಡಬೇಕು. ಟ್ರೇಲರ್‌ನಲ್ಲಿ ಜೋಳದ ಚೀಲ, ತಾಡಪತ್ರಿ, ಪಾತ್ರೆ, ಬುಟ್ಟಿಯಲ್ಲಿ ನಾಲ್ಕು ಕೋಳಿ. ಎಲ್ಲದರ ಮೇಲೆ ಮಕ್ಕಳು. ಒಂದು ಸಲ ನಾಲ್ಕನೇ ತರಗತಿಯ ಹುಡುಗಿ ಒಬ್ಬಳು ಇಳಿದು ಓಡಿ ಬಂದಳು. "ಅಕ್ಕೋರ, ನಾಳಿಂದ ನಾ ಬರಂಗಿಲ್ರಿ. ನನ್ನ ಹೆಸರ ಹಂಗ ಇಡ್ರಿ" ಅಂದಳು. ಆಮೇಲೆ ಸಣ್ಣ ದನಿಯಲ್ಲಿ, "ಅಲ್ಲಿ ಸಾಲ್ಯಾಗ ತತ್ತಿ ಕೊಡ್ತಾರೇನ್ರಿ?" ಅಂತ ಕೇಳಿದಳು. ತತ್ತಿ ಅಂದರೆ ಮೊಟ್ಟೆ. ವಿಜಯಪುರ ಜಿಲ್ಲೆಯಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಶುರುವಾಗಿದ್ದು 2021ರ ಡಿಸೆಂಬರ್‌ನಲ್ಲಿ. ಅವಳಿಗೆ ಶಾಲೆ ತಪ್ಪುವುದು ಅಂದರೆ ಅದೂ ತಪ್ಪುವುದು.

ಈಗ ನಿಯಮಕ್ಕೆ ಬರೋಣ. ಮಗು ಸತತವಾಗಿ ಏಳು ದಿನ ಬರಲಿಲ್ಲ ಅಂದರೆ ನಮ್ಮ ರಾಜ್ಯದಲ್ಲಿ ಅದನ್ನು ಶಾಲೆಯಿಂದ ಹೊರಗುಳಿದ ಮಗು ಅಂತ ಗುರುತಿಸಬೇಕು. ಮೊದಲು ಇದು 60 ದಿನ ಇತ್ತು. 2013ರಲ್ಲಿ ಹೈಕೋರ್ಟ್ ಈ ವಿಷಯವನ್ನು ತಾನಾಗಿ ಕೈಗೆತ್ತಿಕೊಂಡ ಮೇಲೆ ಲೆಕ್ಕ ಬಿಗಿಯಾಯಿತು. ಹೊರಗುಳಿದ ಮಗು ಅಂತ ಗುರುತಿಸುವುದು ಅದನ್ನು ಹುಡುಕಿ ಕರೆತರುವುದಕ್ಕೆ, ಹೆಸರು ಹೊಡೆದು ಹಾಕುವುದಕ್ಕಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಎಂಟನೇ ತರಗತಿ ಮುಗಿಯುವ ತನಕ ಯಾವ ಮಗುವನ್ನೂ ಶಾಲೆಯಿಂದ ಹೊರಗೆ ಹಾಕುವ ಹಾಗಿಲ್ಲ.

ಹಾಜರಿ ಪುಸ್ತಕ ಕೈಯಲ್ಲಿ ಹಿಡಿದವರಿಗೆ ಇಲ್ಲಿ ಎರಡು ಆಸೆ ಬರುತ್ತವೆ. ಎರಡೂ ಕೆಟ್ಟವು. ಒಂದು, ಬಾರದ ಮಗುವಿಗೂ ಹಾಜರಿ ಹಾಕಿ ಸಂಖ್ಯೆ ಚೆನ್ನಾಗಿ ತೋರಿಸುವುದು. ಹಾಗೆ ಮಾಡಿದ ದಿನವೇ ಆ ಮಗು ಕಾಗದದ ಮೇಲೆ ಶಾಲೆಯಲ್ಲಿ ಕೂತುಬಿಡುತ್ತದೆ. ಕಬ್ಬಿನ ಗದ್ದೆಯಲ್ಲಿರುವ ಮಗುವನ್ನು ಆಮೇಲೆ ಯಾರೂ ಹುಡುಕುವುದಿಲ್ಲ. ಇನ್ನೊಂದು, ಹೇಗೂ ಬರುವುದಿಲ್ಲ ಅಂತ ಹೆಸರು ತೆಗೆಯುವುದು. ನನ್ನ ಮೊದಲ ವರ್ಷಗಳಲ್ಲಿ ಒಬ್ಬ ಹುಡುಗನ ಹೆಸರಿನ ಮೇಲೆ ನಾನೇ ಕೆಂಪು ಗೆರೆ ಎಳೆದಿದ್ದೆ. ಏಪ್ರಿಲ್‌ನಲ್ಲಿ ಬಂದ. ಮೇಜಿನ ಮೇಲೆ ತೆರೆದಿದ್ದ ಪುಸ್ತಕದಲ್ಲಿ ತನ್ನ ಹೆಸರು ಹುಡುಕಿದ, ಗೆರೆ ನೋಡಿದ, ಏನೂ ಮಾತಾಡಲಿಲ್ಲ. ಜೂನ್‌ನಲ್ಲಿ ಅವನು ಬರಲೇ ಇಲ್ಲ. ಆ ಗೆರೆ ಇವತ್ತಿಗೂ ನನ್ನ ಕಣ್ಣ ಮುಂದಿದೆ. ಗೈರು ಅಂತ ನಿಜ ಬರೆಯಿರಿ, ಹೆಸರು ಮಾತ್ರ ಇಡಿ.

ದೊಡ್ಡ ಮಕ್ಕಳ ವಿಷಯ ಬೇರೆ. ಎಸ್‌ಎಸ್‌ಎಲ್‌ಸಿಗೆ ಶೇ 75 ಹಾಜರಿ ಬೇಕು. ನಿಮ್ಮ ಶಾಲೆಯ ಮಕ್ಕಳ ಅಣ್ಣ, ಅಕ್ಕ ಹತ್ತನೇ ತರಗತಿಯಲ್ಲಿದ್ದರೆ ಹಬ್ಬಕ್ಕೆ ಮೊದಲೇ ಮನೆಯವರಿಗೆ ಇದನ್ನು ಹೇಳಿ. ಎಷ್ಟೋ ತಂದೆ ತಾಯಿಗೆ ಗೊತ್ತೇ ಇರುವುದಿಲ್ಲ.

ಗಡಿ ದಾಟಿದರೆ ಏನು ಮಾಡುವುದು ಅಂತ ಕೇಳುತ್ತೀರಿ. ಮಹಾರಾಷ್ಟ್ರದಲ್ಲಿ ದೊಡ್ಡ ರಜೆ ದೀಪಾವಳಿಗೆ, ನಮಗೆ ದಸರಾಕ್ಕೆ. ಹಾಗಾಗಿ ಗ್ಯಾಂಗ್ ಅಲ್ಲಿ ಮುಟ್ಟುವ ಹೊತ್ತಿಗೆ ಅಲ್ಲಿನ ಶಾಲೆಗಳು ಎರಡನೇ ಅವಧಿಗೆ ಬಾಗಿಲು ತೆರೆಯುತ್ತಿರುತ್ತವೆ. ಸೇರಿಸಲು ಅದೇ ಒಳ್ಳೆಯ ಹೊತ್ತು. ಜತ್, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲ್ಲೂಕುಗಳಲ್ಲಿ ಕನ್ನಡ ಶಾಲೆಗಳಿವೆ. ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ ಅಂತ ಕಲಿತ ಮಗುವಿಗೆ ಮೂರನೆಯದಾಗಿ ಮರಾಠಿ ಹೇರುವ ಬದಲು ಅಲ್ಲಿ ಸೇರಿಸುವುದು ಎಷ್ಟೋ ವಾಸಿ. ಇನ್ನೂ ಆಚೆ ಹೋದರೆ ಮರಾಠಿ ಶಾಲೆಯೇ ಗತಿ. ಕಬ್ಬು ಕಡಿಯುವವರ ಮಕ್ಕಳಿಗೆ ಅಂತಲೇ ಸಾಖರ ಶಾಳಾ ಅಂತ ನಡೆಸಿದ್ದೂ ಇದೆ.

ಒಂದು ಸಲ ನಮ್ಮ ಮಗುವನ್ನು ಆಚೆಯ ಒಂದು ಶಾಲೆ ಟಿಸಿ ಇಲ್ಲ ಅಂತ ವಾಪಸ್ ಕಳಿಸಿತು. ಹಾಗೆ ಕಳಿಸುವಂತಿಲ್ಲ. ಬೇರೆ ರಾಜ್ಯದ ಶಾಲೆಗೆ ಹೋಗುವ ಹಕ್ಕೂ ಮಗುವಿಗೆ ಕಾಯ್ದೆಯಲ್ಲೇ ಇದೆ. ಟಿಸಿ ತಡವಾಯಿತು ಅನ್ನುವುದು ಸೇರಿಸಿಕೊಳ್ಳದಿರಲು ಕಾರಣ ಆಗುವುದಿಲ್ಲ. ಅಂದಿನಿಂದ ನಾನು ಒಂದು ಹಾಳೆಯಲ್ಲಿ ಮಗುವಿನ ಹೆಸರು, ತರಗತಿ, ಎಸ್‌ಎಟಿಎಸ್ ಸಂಖ್ಯೆ (ಸರ್ಕಾರದ ದಾಖಲೆಯಲ್ಲಿ ಮಗುವಿನ ಗುರುತಿನ ಸಂಖ್ಯೆ), ನಮ್ಮ ಶಾಲೆಯ ಫೋನ್ ಬರೆದು, ಮುಖ್ಯ ಗುರುಗಳ ಸಹಿ ಮತ್ತು ಸೀಲು ಹಾಕಿಸಿ ತಾಯಿಯ ಕೈಗೆ ಕೊಡುತ್ತೇನೆ. ತಂದೆಯ ಕೈಗಲ್ಲ, ತಾಯಿಯ ಕೈಗೆ. ಅವಳು ಅದನ್ನು ರೇಷನ್ ಕಾರ್ಡಿನ ಜೊತೆ ಇಡುತ್ತಾಳೆ.

ಸಣ್ಣಪುಟ್ಟ ಗೈರುಗಳಿಗೆ ತಲೆ ಕೆಡಿಸಿಕೊಳ್ಳಬೇಡಿ. ನಾಗರ ಪಂಚಮಿಗೆ ಜೋಕಾಲಿ ಕಟ್ಟಿದರೆ ಮಕ್ಕಳು ಬರುವುದಿಲ್ಲ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಲು, ಅಂದರೆ ಭೂತಾಯಿಗೆ ಎಡೆ ಚೆಲ್ಲಲು, ಹೋಗುತ್ತಾರೆ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಇದ್ದೇ ಇದೆ. ಇವೆಲ್ಲ ಒಂದೆರಡು ದಿನದ ಮಾತು, ಮಕ್ಕಳು ತಾವೇ ಬರುತ್ತಾರೆ. ಆದರೆ ಐದು, ಆರನೇ ತರಗತಿಯ ಹುಡುಗಿ ವಾರಕ್ಕೆ ಎರಡು ದಿನ ತಪ್ಪಿಸುತ್ತಿದ್ದರೆ ಮಾತ್ರ ಸುಮ್ನೆ ಕೂರಬೇಡಿ. ಮನೆಯಲ್ಲಿ ಕೂಸು ಇರುತ್ತದೆ, ತಾಯಿ ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋಗಿರುತ್ತಾಳೆ. ಆ ಕೂಸಿಗೆ ಅಂಗನವಾಡಿಯಲ್ಲಿ ಜಾಗ ಸಿಕ್ಕರೆ ಅಕ್ಕನ ಹಾಜರಿ ತಾನಾಗಿ ಸರಿಹೋಗುತ್ತದೆ. ನಾನು ಎರಡು ಮನೆಗಳಲ್ಲಿ ಇದನ್ನು ಕಂಡಿದ್ದೇನೆ.

ತತ್ತಿ ಕೇಳಿದ ಹುಡುಗಿ ಏಪ್ರಿಲ್‌ನಲ್ಲಿ ವಾಪಸ್ ಬಂದಳು. ನಾನು ಕೊಟ್ಟು ಕಳಿಸಿದ್ದ ನೋಟ್‌ಬುಕ್ ತಂದಿದ್ದಳು. ಹಾಳೆಗಳ ನಡುವೆ ರವದಿ, ಅಂದರೆ ಕಬ್ಬಿನ ಒಣ ಎಲೆ, ಸಿಕ್ಕಿಕೊಂಡಿತ್ತು. ಪಾಠ ಹೆಚ್ಚೇನೂ ಬರೆದಿರಲಿಲ್ಲ. ಹಿಂದಿನ ಪುಟಗಳ ತುಂಬ ತಾರೀಖು, ಟನ್ನು, ಕಿಲೋ. ಅಪ್ಪ ಕಡಿದ ಕಬ್ಬಿನ ತೂಕವನ್ನು ದಿನಾ ಬರೆದು, ವಾರಕ್ಕೊಮ್ಮೆ ಕೂಡಿಸಿದ್ದಳು. ದಶಮಾಂಶ ನಾನು ಇನ್ನೂ ಹೇಳಿಕೊಟ್ಟೇ ಇರಲಿಲ್ಲ, ಅವಳು ಚುಕ್ಕೆ ಇಟ್ಟು ಸರಿಯಾಗಿ ಬರೆದಿದ್ದಳು. ಐದನೇ ತರಗತಿಗೆ ಅವಳ ಹೆಸರು ಕರೆದಾಗ "ಹಾಜರ್ ರೀ" ಅಂದ ದನಿ ವರಾಂಡಾದ ತನಕ ಕೇಳಿಸಿತು.

ನೀವು ಬಂದ ವರ್ಷ ದಸರಾ ರಜೆ ಮುಗಿದ ಕೂಡಲೇ ತಾಂಡಾಕ್ಕೆ ಒಂದು ಸುತ್ತು ಹೋಗಿ. ಸಂಜೆ ಆರರ ಮೇಲೆ ಹೋದರೆ ಎಲ್ಲರೂ ಸಿಗುತ್ತಾರೆ. ಯಾರು ಹೋಗುತ್ತಾರೆ, ಯಾವ ಊರಿಗೆ, ಮುಕಾದಮನ ನಂಬರ್ ಏನು, ಅಜ್ಜಿಯ ಹತ್ತಿರ ಮಗು ಬಿಡಬಹುದಾ, ಕೂತು ಕೇಳಿ. ಚಹಾ ಕೊಡುತ್ತಾರೆ, ಬೇಡ ಅನ್ನಬೇಡಿ.