ಪ್ರತಿಕ್ರಿಯೆ: ಬವೇರಿಯಾದಲ್ಲಿ ಹೋಗ್ನರ್ ಎರಡು ಸಲ ಮುಖ್ಯಮಂತ್ರಿ ಆದದ್ದು ಹೇಗೆ?

ಸಂಪ್ರದಾಯವಾದಿ ಪಕ್ಷ ಸಿಎಸ್‌ಯು ಕೋಟೆಯಾದ ಜರ್ಮನಿಯ ಬವೇರಿಯಾ ರಾಜ್ಯದಲ್ಲಿ ಸೋಶಿಯಲ್ ಡೆಮಾಕ್ರಾಟ್ (ಎಸ್‌ಪಿಡಿ) ಪಕ್ಷದ ವಿಲ್ಹೆಲ್ಮ್ ಹೋಗ್ನರ್ ಎರಡು ಸಲ ಗೆದ್ದದ್ದು ಹೇಗೆ ಅಂತ ಕೇಳಿದ್ದೀರಿ. ಮೊದಲ ಸಲ ಅವರು ಗೆದ್ದು ಬಂದದ್ದೇ ಅಲ್ಲ. ಇಲ್ಲೇ ಹೆಚ್ಚಿನವರು ಎಡವುವುದು. 1945ರ ಸೆಪ್ಟೆಂಬರ್ 28ರಂದು ಅಮೆರಿಕನ್ ಸೇನಾಡಳಿತ ಆಗಿನ ಮುಖ್ಯಮಂತ್ರಿ ಫ್ರಿಟ್ಸ್ ಷೆಫರ್ ಅವರನ್ನು ತೆಗೆದು, ಸ್ವಿಟ್ಜರ್ಲೆಂಡ್‌ನ ದೇಶಭ್ರಷ್ಟ ಬದುಕಿನಿಂದ ಆಗಷ್ಟೇ ಮರಳಿದ್ದ ಹೋಗ್ನರ್ ಅವರನ್ನು ನೇಮಿಸಿತು. 1946ರ ಡಿಸೆಂಬರ್ 1ರ ಚುನಾವಣೆಯಲ್ಲಿ ಸಿಎಸ್‌ಯುಗೆ ಬಹುಮತ ಬಂತು, ಹುದ್ದೆ ಆ ಪಕ್ಷದ ಹಾನ್ಸ್ ಎಹಾರ್ಡ್ ಪಾಲಾಯಿತು.

ಆದರೆ ಅದೇ ದಿನ ಜನಮತದಲ್ಲಿ ಒಪ್ಪಿಗೆಯಾದ ಬವೇರಿಯಾ ಸಂವಿಧಾನದ ಮುಖ್ಯ ಶಿಲ್ಪಿ ಹೋಗ್ನರ್ ಅವರೇ. ಅದರ 141ನೇ ವಿಧಿ ತೆಗೆದು ನೋಡಿ: ಕಾಡಿನಲ್ಲಿ ಓಡಾಡುವುದು, ಊರಿನ ರೂಢಿಯ ಮಿತಿಯಲ್ಲಿ ಕಾಡುಹಣ್ಣು ಕಿತ್ತುಕೊಳ್ಳುವುದು ಎಲ್ಲರ ಹಕ್ಕು. ನನ್ನ ಮಟ್ಟಿಗೆ ಅವರ ದೊಡ್ಡ ಕೊಡುಗೆ ಇದೇ.

ಎರಡನೆಯ ಸಲದ್ದು ಬರೀ ಲೆಕ್ಕಾಚಾರ. 1954ರಲ್ಲಿ ರಾಜ್ಯ ಶಾಸನಸಭೆಯ 204 ಸ್ಥಾನಗಳಲ್ಲಿ ಸಿಎಸ್‌ಯುಗೆ 83, ಎಸ್‌ಪಿಡಿಗೆ 61. ಎಸ್‌ಪಿಡಿ ಜೊತೆಗೆ ಬವೇರಿಯಾದ ಪ್ರಾದೇಶಿಕ ಪಕ್ಷ ಬಯರ್ನ್ ಪಾರ್ಟಿಯ 28, ನಿರಾಶ್ರಿತರ ಪಕ್ಷದ 19, ಉದಾರವಾದಿ ಎಫ್‌ಡಿಪಿಯ 13 ಕೂಡಿದಾಗ 121. ಸಿಎಸ್‌ಯು ವಿರೋಧ ಬಿಟ್ಟರೆ ಈ ನಾಲ್ಕು ಪಕ್ಷಗಳನ್ನು ಒಟ್ಟಿಗೆ ಹಿಡಿದಿಟ್ಟ ಸಂಗತಿಗಳು ಕಡಿಮೆ. 1957ರ ಸೆಪ್ಟೆಂಬರ್‌ನ ಪಶ್ಚಿಮ ಜರ್ಮನಿಯ ಸಂಸತ್ ಚುನಾವಣೆಯಲ್ಲಿ ಸಿಎಸ್‌ಯು ಭರ್ಜರಿಯಾಗಿ ಗೆದ್ದದ್ದೇ ತಡ, ಬಯರ್ನ್ ಪಾರ್ಟಿ, ನಿರಾಶ್ರಿತರ ಪಕ್ಷ ಎರಡೂ ಕೈಬಿಟ್ಟವು. ಅಕ್ಟೋಬರ್‌ನಲ್ಲಿ ಸರ್ಕಾರ ಬಿತ್ತು.