ಸ್ಟ್ರೋಮಾ ಎಂದರೆ ಯಾವುದರ ಸ್ಟ್ರೋಮಾ?

ಪ್ರಿಯ ಲೇಖಕಿಯವರಿಗೆ,

ಪುಣೆಯಿಂದ ನೀವು ಕಳುಹಿಸಿದ ‘ಮೌನದ ಆಸರೆ’ ಎಂಬ ಲೇಖನ ಮುಂಬೈಯ ಮಾಟುಂಗಾದ ನಮ್ಮ ಕಚೇರಿಗೆ ತಲುಪಿದೆ. ಅಂಗಗಳಿಗೆ ಆಧಾರವಾಗಿರುವ ಅಂಗಾಂಶದ ಬಗ್ಗೆ, ಅಂದರೆ ಸ್ಟ್ರೋಮಾದ ಬಗ್ಗೆ, ಜೂನಿಯರ್ ಕಾಲೇಜಿನ ಜೀವಶಾಸ್ತ್ರ ಅಧ್ಯಾಪಕಿಯೊಬ್ಬರು ಕನ್ನಡದಲ್ಲಿ ಬರೆಯಲು ಮುಂದಾದದ್ದು ಸಂತೋಷದ ವಿಷಯ. ನಿಮ್ಮ ಭಾಷೆ ಶುದ್ಧವಾಗಿದೆ, ವಾಕ್ಯಗಳು ಎಲ್ಲಿಯೂ ತಡವರಿಸುವುದಿಲ್ಲ, ಸೂಕ್ಷ್ಮದರ್ಶಕದ ಕೆಳಗೆ ಸ್ಲೈಡ್ ಸರಿಸುತ್ತ ಹೋಗುವ ಎರಡನೆಯ ಪುಟ ಓದಿಸಿಕೊಂಡು ಹೋಗುತ್ತದೆ. ಆದರೂ ಲೇಖನವನ್ನು ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಎರಡು ದೋಷಗಳು ನನ್ನನ್ನು ತೀರಾ ಕಾಡಿದ್ದರಿಂದ ಅವುಗಳ ಬಗ್ಗೆ ಮಾತ್ರ ಬರೆಯುತ್ತೇನೆ.

ಮೊದಲನೆಯದು ನಿಮ್ಮ ಆರಂಭದ ವಾಕ್ಯದಲ್ಲೇ ಇದೆ: ‘ಸ್ಟ್ರೋಮಾ ಎಂದರೆ ಆಧಾರ ಕೊಡುವ ಅಂಗಾಂಶ, ಮನುಷ್ಯನ ಯಕೃತ್ತಿನಿಂದ ಹಿಡಿದು ಎಲೆಯ ಕ್ಲೋರೋಪ್ಲಾಸ್ಟಿನವರೆಗೆ ಎಲ್ಲೆಡೆಯೂ ಅದರ ಕೆಲಸ ಇದೇ.’ ಈ ವಾಕ್ಯದ ಮೊದಲರ್ಧ ಸರಿ, ಉತ್ತರಾರ್ಧ ತಪ್ಪು. ಅನೇಕ ಜೀವಕೋಶಗಳು ಕೂಡಿದರೆ ಅಂಗಾಂಶ. ಎಲೆಗೆ ಹಸಿರು ಬಣ್ಣ ಕೊಡುವ, ಆಹಾರ ತಯಾರಿಸುವ ಕಣವಾದ ಕ್ಲೋರೋಪ್ಲಾಸ್ಟ್ ಇರುವುದೋ ಒಂದೇ ಜೀವಕೋಶದ ಒಳಗೆ. ಹಾಗಿರುವಾಗ ಅದರೊಳಗೆ ಅಂಗಾಂಶ ಎಲ್ಲಿಂದ ಬರಬೇಕು? ಅಲ್ಲಿ ಸ್ಟ್ರೋಮಾ ಎಂದು ಕರೆಯುವುದು ಥೈಲಕಾಯ್ಡ್ ಪೊರೆಗಳ ಸುತ್ತ ತುಂಬಿಕೊಂಡಿರುವ ದ್ರವವನ್ನು. ಪೊರೆಗಳು ಬೆಳಕನ್ನು ಹಿಡಿದು ರಾಸಾಯನಿಕ ಶಕ್ತಿಯಾಗಿ ಮಾರ್ಪಡಿಸಿ ಕೊಟ್ಟಮೇಲೆ, ಗಾಳಿಯ ಇಂಗಾಲದ ಡೈಆಕ್ಸೈಡು ಸಕ್ಕರೆಯಾಗುವ ಕ್ಯಾಲ್ವಿನ್ ಚಕ್ರ ನಡೆಯುವುದು ಈ ದ್ರವದಲ್ಲಿ. ರುಬಿಸ್ಕೋ ಎಂಬ ಕಿಣ್ವ, ಕ್ಲೋರೋಪ್ಲಾಸ್ಟಿನ ಸ್ವಂತ ಡಿಎನ್‌ಎ, ರೈಬೋಸೋಮುಗಳು, ಪಿಷ್ಟದ ಕಣಗಳು ಇರುವುದೂ ಇಲ್ಲೇ. ಆ ಮಾರ್ಗವನ್ನು ಬಿಡಿಸಿ ತೋರಿಸಿದ್ದಕ್ಕೆ ಮೆಲ್ವಿನ್ ಕ್ಯಾಲ್ವಿನ್ ಅವರಿಗೆ 1961ರಲ್ಲಿ ನೊಬೆಲ್ ಬಂತು. ತರಗತಿಯಲ್ಲಿ ಇದನ್ನು ಪ್ರತಿವರ್ಷ ಪಾಠ ಮಾಡುವ ನೀವು ಲೇಖನ ಬರೆಯುವಾಗ ಅದನ್ನು ‘ಆಧಾರ ಕೊಡುವ ಅಂಗಾಂಶ’ದ ಲೆಕ್ಕಕ್ಕೆ ಸೇರಿಸಿದ್ದೀರಿ.

ಶಿಲೀಂಧ್ರದ ಸ್ಟ್ರೋಮಾ ಇನ್ನೂ ಬೇರೆ. ಮಳೆಗಾಲದಲ್ಲಿ ಸಹ್ಯಾದ್ರಿಯ ಕಾಡಿನ ಕೊಳೆತ ಮರಗಳ ಮೇಲೆ ಕ್ಸೈಲೇರಿಯಾ ಜಾತಿಯ ಶಿಲೀಂಧ್ರ ಕಪ್ಪಗೆ, ಗಟ್ಟಿಯಾಗಿ ಎದ್ದು ನಿಂತಿರುವುದನ್ನು ನೀವೂ ನೋಡಿರಬಹುದು. ಹಾಗೆ ಎದ್ದು ನಿಂತದ್ದೇ ಸ್ಟ್ರೋಮಾ: ಒತ್ತೊತ್ತಾಗಿ ಹೆಣೆದುಕೊಂಡ ಶಿಲೀಂಧ್ರದ ಎಳೆಗಳ ಮುದ್ದೆ. ಅದನ್ನು ಅಡ್ಡಲಾಗಿ ಕುಯ್ದರೆ ಹೊರಪದರದ ಕೆಳಗೆ ಬೀಜಕಗಳನ್ನು ಹೊತ್ತ ಸಣ್ಣ ಸಣ್ಣ ಗೂಡುಗಳು ಸಾಲಾಗಿ ಕಾಣುತ್ತವೆ. ಯಕೃತ್ತಿನಲ್ಲಿ ಕಣ್ಣಿಗೆ ಬೀಳದೆ ಒಳಗಿರುವುದು ಸ್ಟ್ರೋಮಾ. ಇಲ್ಲಿ ಕಣ್ಣಿಗೆ ಬೀಳುವುದೆಲ್ಲ ಸ್ಟ್ರೋಮಾ. ಗ್ರೀಕಿನಲ್ಲಿ ಈ ಪದಕ್ಕೆ ಹಾಸು, ಹಾಸಿಗೆ ಎಂಬ ಅರ್ಥವಿದೆಯೆಂದು ನೀವೇ ಬರೆದಿದ್ದೀರಿ. ಬೇರೆ ಬೇರೆ ಶಾಸ್ತ್ರದವರು, ತಮಗೆ ಮುಖ್ಯವೆನಿಸಿದ ವಸ್ತು ಯಾವುದರೊಳಗೆ ಅಥವಾ ಯಾವುದರ ಮೇಲೆ ನೆಲೆಸಿದೆಯೋ ಅದಕ್ಕೆ ಈ ಹೆಸರಿಟ್ಟರು. ಅಷ್ಟು ಮಾತ್ರಕ್ಕೆ ಮೂರೂ ಒಂದೇ ವಸ್ತುವಾಗುವುದಿಲ್ಲ.

ನಾಲ್ಕನೆಯ ಪುಟದಲ್ಲಿ ಇದೇ ದೋಷ ಮರುಕಳಿಸಿದೆ: ‘ಜಠರ ಮತ್ತು ಕರುಳಿನ ಸ್ಟ್ರೋಮಲ್ ಗಡ್ಡೆಯು ಹೆಸರೇ ಹೇಳುವಂತೆ ಆಸರೆಯ ಅಂಗಾಂಶದಲ್ಲಿ ಹುಟ್ಟುತ್ತದೆ.’ 1983ರಲ್ಲಿ ಆ ಹೆಸರು ಬಂದಾಗ ಗಡ್ಡೆಯ ಮೂಲ ಇನ್ನೂ ತೀರ್ಮಾನವಾಗಿರಲಿಲ್ಲ. 1998ರಲ್ಲಿ ಜಪಾನಿನ ಸಂಶೋಧಕರು ಈ ಗಡ್ಡೆಗಳಲ್ಲಿ ಕಿಟ್ ಎಂಬ ಜೀನಿನ ಬದಲಾವಣೆಯನ್ನು ಕಂಡುಹಿಡಿದ ಮೇಲೆ, ಕರುಳಿನ ಚಲನೆಯ ಲಯವನ್ನು ನಿರ್ಧರಿಸುವ ಕಾಹಾಲ್ ಕೋಶಗಳೇ ಗಡ್ಡೆಯ ಮೂಲವಿರಬಹುದೆಂದು ಎಲ್ಲರ ಗಮನ ಅತ್ತ ಹರಿಯಿತು. ಹಳೆಯ ಹೆಸರು ಹಾಗೆಯೇ ಉಳಿದುಕೊಂಡಿತು. ‘ಹೆಸರೇ ಹೇಳುವಂತೆ’ ಎಂದು ಬರೆಯುವ ಮುನ್ನ ಆ ಹೆಸರು ಯಾವಾಗ, ಏನನ್ನು ತಿಳಿದು ಇಟ್ಟದ್ದು ಎಂದು ವಿಚಾರಿಸಬೇಕಿತ್ತು.

ಇದು ನನ್ನನ್ನು ಇಷ್ಟು ಕಾಡುವುದಕ್ಕೆ ಕಾರಣವಿದೆ. ನಾನು ಈ ಕೆಲಸ ಕಲಿತದ್ದು ದಾದರಿನ ಒಂದು ಸಣ್ಣ ಕನ್ನಡ ಅಚ್ಚುಕೂಟದಲ್ಲಿ. ಹಗಲು ಕೋಟೆ ಪ್ರದೇಶದ ಕಚೇರಿಯೊಂದರಲ್ಲಿ ಗುಮಾಸ್ತಿಕೆ, ಸಂಜೆಯ ಮೇಲೆ ಅಲ್ಲಿ ಕರಡು ತಿದ್ದುವ ಕೆಲಸ. ನನ್ನ ಹಿರಿಯರು ವಿಜ್ಞಾನದ ಬರಹ ಬಂದಾಗ ಕರಡಿನ ಅಂಚಿನಲ್ಲಿ ಕೆಂಪು ಶಾಯಿಯಿಂದ ‘ಯಾವುದರ?’ ಎಂದು ಬರೆಯುತ್ತಿದ್ದರು. ಪೊರೆ ಎಂದಿದ್ದರೆ ಯಾವುದರ ಪೊರೆ, ರಸ ಎಂದಿದ್ದರೆ ಯಾವುದರ ರಸ. ಉತ್ತರ ಸಿಗುವವರೆಗೆ ಮೊಳೆ ಜೋಡಿಸುವವರ ಕೈಗೆ ಹಾಳೆ ಹೋಗುತ್ತಿರಲಿಲ್ಲ. ಒಮ್ಮೆ ಇಂಥದ್ದೇ ಲೇಖನ ಬಂದಾಗ ನನ್ನನ್ನು ಪರಳದಲ್ಲಿದ್ದ ತಮ್ಮ ಪರಿಚಯದ ರೋಗಶಾಸ್ತ್ರಜ್ಞರ ಬಳಿಗೆ ಕರೆದೊಯ್ದು ಸ್ತನದ ಅಂಗಾಂಶದ ಸ್ಲೈಡೊಂದನ್ನು ತೋರಿಸಿದರು. ಕೊಲಾಜನ್ ಎಂಬ ನಾರಿನಂಥ ಪ್ರೋಟೀನು ತಿಳಿಗುಲಾಬಿ ಬಣ್ಣದಲ್ಲಿ ಅಲೆ ಅಲೆಯಾಗಿ ಹರಡಿತ್ತು, ಅದರ ನಡುವೆ ಅಲ್ಲಲ್ಲಿ ನೇರಳೆ ಬಣ್ಣದ ಗ್ರಂಥಿಕೋಶಗಳು ಗುಂಪುಗೂಡಿದ್ದವು. ಸ್ಟ್ರೋಮಾ ಎನ್ನುವ ಆ ಗುಲಾಬಿ ಭಾಗದಲ್ಲೂ ಉದ್ದುದ್ದನೆಯ ತೆಳು ಕೋಶಕೇಂದ್ರಗಳಿದ್ದವು, ರಕ್ತನಾಳಗಳಿದ್ದವು. ‘ಇಲ್ಲಿ ಖಾಲಿ ಜಾಗ ಎಲ್ಲಿದೆ ಹೇಳಿ’ ಎಂದು ಆ ವೈದ್ಯರು ಕೇಳಿದರು.

ಎರಡನೆಯ ದೋಷಕ್ಕೆ ಬರುತ್ತೇನೆ. ನಿಮ್ಮ ಲೇಖನದಲ್ಲಿ ‘ಕೇವಲ’ ಎಂಬುದು ಮತ್ತೆ ಮತ್ತೆ ಬರುತ್ತದೆ: ‘ಕೇವಲ ಆಸರೆ’, ‘ಕೇವಲ ತುಂಬುವಿಕೆ’. ಕೊನೆಗೆ ‘ತಾನೇನೂ ಮಾಡದೆ, ತಾಯಿಯಂತೆ ಮೌನವಾಗಿ ಭಾರ ಹೊರುತ್ತದೆ’ ಎಂದು ಮುಗಿಸಿದ್ದೀರಿ. ತಾಯಿ ಏನೂ ಮಾಡುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಸ್ಟ್ರೋಮಾ ಏನೂ ಮಾಡುವುದಿಲ್ಲ ಎಂಬುದನ್ನಂತೂ ಸುತರಾಂ ಒಪ್ಪಲಾರೆ.

ನೀವು ಒಂದೇ ಸಾಲಿನಲ್ಲಿ ದಾಟಿಬಿಟ್ಟ ಕಾರ್ನಿಯಾವನ್ನೇ ನೋಡಿ. ಕಣ್ಣಿನ ಮುಂಭಾಗದ ಈ ಪಾರದರ್ಶಕ ಪದರದ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅದರಲ್ಲಿ ಸುಮಾರು ಶೇಕಡಾ 90 ಭಾಗ ಸ್ಟ್ರೋಮಾ. ಚರ್ಮದಲ್ಲೂ ಕೊಲಾಜನ್ ಇದೆ, ಆದರೆ ಚರ್ಮದ ಮೂಲಕ ನಮಗೆ ಆಚೆಯದು ಕಾಣುವುದಿಲ್ಲ. ಕಾರ್ನಿಯಾದಲ್ಲಿ ಕೊಲಾಜನ್ನಿನ ಎಳೆಗಳು ಒಂದೇ ಗಾತ್ರದವಾಗಿ, ಒಂದೇ ಅಂತರದಲ್ಲಿ, ಇನ್ನೂರಕ್ಕೂ ಹೆಚ್ಚು ಪದರಗಳಲ್ಲಿ ಜೋಡಿಸಿಕೊಂಡಿರುವುದರಿಂದಲೇ ಬೆಳಕು ಚದುರದೆ ಒಳಗೆ ಹೋಗುತ್ತದೆ. ಒಳಪದರದ ಕೋಶಗಳು ನೀರನ್ನು ಹೊರಹಾಕುವುದನ್ನು ನಿಲ್ಲಿಸಿದರೆ ಸ್ಟ್ರೋಮಾ ಊದಿಕೊಂಡು, ಎಳೆಗಳ ನಡುವಿನ ಅಂತರ ಕೆಟ್ಟು, ಕಣ್ಣು ಮಂಜಾಗುತ್ತದೆ. ನೀವು ನನ್ನ ಪತ್ರವನ್ನು ಓದುತ್ತಿರುವುದು ನಿಮ್ಮ ಸ್ಟ್ರೋಮಾದ ಮೂಲಕವೇ. ಅದನ್ನು ‘ಕೇವಲ’ ಎನ್ನಬಹುದೇ?

ಅಸ್ಥಿಮಜ್ಜೆಯ ಸ್ಟ್ರೋಮಾ ಕೋಶಗಳು ರಕ್ತದ ಮೂಲಕೋಶಗಳಿಗೆ ನೆಲೆ ಕೊಡುವುದಲ್ಲದೆ, ಅವು ಉಳಿಯಲು, ಹೆಚ್ಚಲು ಬೇಕಾದ ರಾಸಾಯನಿಕ ಸಂಕೇತಗಳನ್ನೂ ಕಳುಹಿಸುತ್ತವೆ. ಕ್ಯಾನ್ಸರಿನ ವಿಷಯದಲ್ಲಂತೂ ಈ ಅಂಗಾಂಶವನ್ನು ಬದಿಗಿಟ್ಟು ಮಾತನಾಡುವಂತೆಯೇ ಇಲ್ಲ. ಗಡ್ಡೆಯ ಸುತ್ತ ಸ್ಟ್ರೋಮಾ ಬೆಳೆಯುವ ಬಗೆ ಗಾಯ ಮಾಯುವ ಬಗೆಯನ್ನೇ ಹೋಲುತ್ತದೆ ಎಂದು ಅಮೆರಿಕದ ರೋಗಶಾಸ್ತ್ರಜ್ಞ ಹೆರಾಲ್ಡ್ ಡ್ವೊರಾಕ್ 1986ರಲ್ಲಿ ವಿವರಿಸಿ, ಗಡ್ಡೆಗಳನ್ನು ಮಾಯದ ಗಾಯಗಳು ಎಂದು ಕರೆದರು. ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಿ ಗಡ್ಡೆಯ ಬಹುಪಾಲು ಸ್ಟ್ರೋಮಾವೇ ಆಗಿರುವುದುಂಟು. ಅದು ರೋಗಕ್ಕೆ ನೆರವಾಗುತ್ತದೆಂದು ಬಗೆದು ಇಲಿಗಳಲ್ಲಿ ಅದನ್ನು ತಗ್ಗಿಸಿ ನೋಡಿದಾಗ ಗಡ್ಡೆ ಇನ್ನಷ್ಟು ಉಗ್ರವಾಯಿತು ಎಂದು 2014ರ ಪ್ರಯೋಗಗಳು ತೋರಿಸಿದವು. ಅಂದರೆ ಸ್ಟ್ರೋಮಾ ರೋಗವನ್ನು ಪೋಷಿಸಲೂಬಹುದು, ತಡೆದು ಹಿಡಿಯಲೂಬಹುದು. ನಿಮ್ಮ ಲೇಖನದ ನಿಜವಾದ ಕಥೆ ಇಲ್ಲಿತ್ತು.

ಮುಖ್ಯ ಯಾವುದು, ತುಂಬುವಿಕೆ ಯಾವುದು ಎಂಬ ನಿರ್ಣಯವೂ ಕಾಲದಿಂದ ಕಾಲಕ್ಕೆ ಬದಲಾಗಿದೆ. ಅಂಗದ ಪ್ರಧಾನ ಕೆಲಸ ಮಾಡುವ ಭಾಗವನ್ನು ಇಂದು ನಾವು ಪ್ಯಾರೆಂಕೈಮಾ ಎನ್ನುತ್ತೇವೆ. ಕ್ರಿಸ್ತಪೂರ್ವ 3ನೆಯ ಶತಮಾನದ ಗ್ರೀಕ್ ವೈದ್ಯ ಎರಾಸಿಸ್ಟ್ರಾಟಸ್ ಆ ಪದವನ್ನು ಬಳಸಿದ್ದು ನಾಳಗಳ ಪಕ್ಕದಲ್ಲಿ ಸುರಿದು ತುಂಬಿಕೊಂಡ ವಸ್ತು ಎಂಬ ಅರ್ಥದಲ್ಲಿ. ಅವನಿಗೆ ನಾಳಗಳೇ ಮುಖ್ಯ, ಉಳಿದದ್ದು ಗೌಣ. ಈ ಪ್ರಸಂಗ ನಿಮ್ಮ ಲೇಖನದಲ್ಲಿ ಬಂದರೆ ಚೆನ್ನ.

ತಿದ್ದಿ ಬರೆಯುವಾಗ ಯಕೃತ್ತಿನ ಬದಲು ಕಾರ್ನಿಯಾದಿಂದ ಆರಂಭಿಸಿ. ಕ್ಲೋರೋಪ್ಲಾಸ್ಟಿಗೂ ಶಿಲೀಂಧ್ರಕ್ಕೂ ಒಂದೊಂದು ಪ್ರತ್ಯೇಕ ಪ್ಯಾರಾ ಕೊಟ್ಟು, ಇವು ಅಂಗಾಂಶದ ಮಾತಲ್ಲ ಎಂದು ಅಲ್ಲಿಯೇ ಹೇಳಿಬಿಡಿ. ‘ಕೇವಲ’ ಇರುವ ವಾಕ್ಯಗಳನ್ನು ತೆಗೆಯಿರಿ. ತಾಯಿಯ ಹೋಲಿಕೆಯ ಕೊನೆಯ ಪ್ಯಾರಾವನ್ನು ಪೂರ್ತಿ ಬಿಡಿ. ಎರಡನೆಯ ಪುಟವನ್ನು ಮುಟ್ಟಬೇಡಿ. ಮುಂದಿನ ತಿಂಗಳ ಸಂಚಿಕೆಯಲ್ಲಿ ನಿಮಗಾಗಿ ನಾಲ್ಕು ಪುಟ ಕಾದಿರಿಸಿದ್ದೇನೆ.

ಇತಿ,
ಸಂಪಾದಕ